ಪುಸ್ತಕದಲ್ಲಿಲ್ಲದ ತೋಳು



ಬೌಲಿಂಗ್ ಮಾಡುವಾಗ ತೋಳು ಕಿವಿ ಸವರಿಕೊಂಡು ಮೇಲಿನಿಂದ ಬರಬೇಕು ಅಂತ ಇವತ್ತು ಯಾವ ತರಬೇತುದಾರನಾದರೂ ಹೇಳಿಕೊಡುತ್ತಾನೆ. ಅದೇ ಶುದ್ಧ ಕ್ರಮ, ಅದೇ ಪುಸ್ತಕದ ಪಾಠ. ಆದರೆ ಇನ್ನೂರು ವರ್ಷದ ಹಿಂದೆ ಹಾಗೆ ತೋಳೆತ್ತಿದರೆ ನೋಬಾಲ್ ಎನ್ನುತ್ತಿದ್ದರು. ಆಗ ಕೈಯನ್ನು ಮೊಣಕೈಗಿಂತ ಕೆಳಗಿಟ್ಟೇ ಚೆಂಡು ಹಾಕಬೇಕಿತ್ತು. 1822ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಕೆಂಟ್ ಪರವಾಗಿ ಆಡಲು ಬಂದ ಜಾನ್ ವಿಲ್ಸ್ ತೋಳನ್ನು ಭುಜದ ಮಟ್ಟಕ್ಕೆ ಎತ್ತಿದ. ಅಂಪೈರ್ ನೋಬಾಲ್ ಅಂದರು. ವಿಲ್ಸ್ ಚೆಂಡನ್ನು ಅಲ್ಲೇ ಎಸೆದು, ಕುದುರೆ ಹತ್ತಿ ಹೊರಟೇಹೋದನಂತೆ. ನಲವತ್ತು ವರ್ಷದ ನಂತರ, 1862ರಲ್ಲಿ, ಓವಲ್ ಮೈದಾನದಲ್ಲಿ ಎಡ್ಗರ್ ವಿಲ್ಷರ್ ತೋಳನ್ನು ಭುಜಕ್ಕಿಂತ ಮೇಲೆ ಎತ್ತಿದ. ಸಾಲಾಗಿ ಆರು ಸಲ ನೋಬಾಲ್. ಅವನೂ ಮೈದಾನ ಬಿಟ್ಟು ನಡೆದ. ಆದರೆ ಎರಡೇ ವರ್ಷದಲ್ಲಿ, 1864ರಲ್ಲಿ, ನಿಯಮವೇ ಬದಲಾಯಿತು. ತಪ್ಪು ಅಂದದ್ದೇ ಪಾಠವಾಗಿ ಕೂತಿತು.

ಈ ಕಥೆಯನ್ನು ಮೊದಲಿಗೇ ಹೇಳಿದ್ದಕ್ಕೆ ಕಾರಣವಿದೆ. ಇವತ್ತು ನಾನು ಮಾತಾಡಬೇಕೆಂದಿರುವುದು ಪುಸ್ತಕಕ್ಕೆ ಹೊಂದದ ತೋಳುಗಳ ಬಗ್ಗೆ, ಪುಸ್ತಕಕ್ಕೆ ಹೊಂದದ ಸ್ವಿಂಗ್‌ಗಳ ಬಗ್ಗೆ. ಅವು ಹೇಗೆ ಕೆಲಸ ಮಾಡುತ್ತವೆ, ನಮ್ಮ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆ ಜೋಳ ಕೊಯ್ದ ಹೊಲದಲ್ಲಿ ಕೂಳೆ ಕಿತ್ತು ಪಿಚ್ ಮಾಡಿಕೊಳ್ಳುವ ಹುಡುಗರಿಗೆ ಅವುಗಳಿಂದ ಏನು ಸಿಗಬಹುದು ಎಂಬ ಬಗ್ಗೆ.

1864ರಿಂದ ಮುಂದಿನ ನೂರು ವರ್ಷವನ್ನು ಸ್ವಲ್ಪ ಬೇಗ ದಾಟಿಬಿಡೋಣ. ಇಂಗ್ಲೆಂಡಿನ ಬೋಸಾಂಕ್ವೆಟ್ ಮೇಜಿನ ಮೇಲೆ ಟೆನಿಸ್ ಚೆಂಡು ಪುಟಿಸಿ, ಎದುರು ಕೂತವನಿಗೆ ಸಿಗದಂತೆ ತಿರುಗಿಸುವ ಆಟವಾಡುತ್ತ ಗೂಗ್ಲಿ ಕಂಡುಕೊಂಡ. ಅದು 1900ರ ಆಸುಪಾಸಿನ ಮಾತು. ಆಸ್ಟ್ರೇಲಿಯಾದ ಜ್ಯಾಕ್ ಐವರ್ಸನ್ ಯುದ್ಧಕಾಲದಲ್ಲಿ ನ್ಯೂಗಿನಿಯಲ್ಲಿದ್ದಾಗ ಪಿಂಗ್‌ಪಾಂಗ್ ಚೆಂಡನ್ನು ಹೆಬ್ಬೆರಳು ಮತ್ತು ಮಡಚಿದ ನಡುಬೆರಳ ಮಧ್ಯೆ ಹಿಡಿದು ಚಿಮ್ಮಿಸುತ್ತ ಹೊತ್ತು ಕಳೆದ. 35ನೇ ವಯಸ್ಸಿನಲ್ಲಿ ಟೆಸ್ಟ್ ಆಡಿದ. ಐದು ಟೆಸ್ಟ್‌ಗಳಲ್ಲಿ 21 ವಿಕೆಟ್, ಅಷ್ಟಕ್ಕೇ ಟೆಸ್ಟ್ ಆಟ ಮುಗಿಸಿದ. ಅವನನ್ನು ಎದುರಿಸಿದ ಇಂಗ್ಲೆಂಡಿನ ದೊಡ್ಡ ದೊಡ್ಡ ಬ್ಯಾಟ್ಸ್‌ಮನ್‌ಗಳಿಗೆ ಆ ಬೆರಳಿನ ಲೆಕ್ಕವೇ ಹತ್ತಲಿಲ್ಲ.

ಈಗ ನನಗೆ ಅತ್ಯಂತ ಪ್ರೀತಿಯ ಮನುಷ್ಯನ ಬಳಿಗೆ ಬರುತ್ತೇನೆ. ಭಾಗವತ್ ಸುಬ್ರಹ್ಮಣ್ಯ ಚಂದ್ರಶೇಖರ್. ಹುಟ್ಟಿದ್ದು ಮೈಸೂರು, 1945ರ ಮೇ 17. ಎಳೆಯ ವಯಸ್ಸಿನಲ್ಲೇ ಪೋಲಿಯೊ ಬಂತು, ಬಲತೋಳು ಸೊರಗಿಹೋಯಿತು. ಚೇತರಿಸಿಕೊಂಡ ಮೇಲೂ ಆ ತೋಳು ತುಂಬಿಕೊಳ್ಳಲಿಲ್ಲ. ಮುಂದೆ ಕುಟುಂಬ ಬೆಂಗಳೂರಿಗೆ ಬಂತು, ಹುಡುಗ ಬೀದಿಯಲ್ಲಿ ಆಡಿದ, ಸಿಟಿ ಕ್ರಿಕೆಟರ್ಸ್ ಕ್ಲಬ್ಬಿಗೆ ಸೇರಿದ. ಫೀಲ್ಡಿಂಗಿನಲ್ಲಿ ಚೆಂಡು ಎಸೆಯುವುದೆಲ್ಲ ಎಡಗೈಯಲ್ಲಿ. ಬೌಲಿಂಗ್ ಮಾತ್ರ ಆ ಬಲಗೈಯಲ್ಲೇ! ಯಾವ ಕೈಗೆ ಬೌಂಡರಿಯಿಂದ ಚೆಂಡು ಎಸೆಯುವ ಶಕ್ತಿ ಇರಲಿಲ್ಲವೋ ಅದೇ ಕೈ ಟೆಸ್ಟ್ ಕ್ರಿಕೆಟ್ಟಿನಲ್ಲಿ 242 ವಿಕೆಟ್ ತೆಗೆಯಿತು. 1963ರ ಕೊನೆಗೆ ಮೈಸೂರು ರಾಜ್ಯದ ತಂಡಕ್ಕೆ ಬಂದವರು, ಕೆಲವೇ ತಿಂಗಳಲ್ಲಿ, 1964ರ ಜನವರಿಯಲ್ಲಿ, ಮುಂಬಯಿಯಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್ ಆಡಿದರು. ಆಗ ಹದಿನೆಂಟು ವರ್ಷ.

ಅವರ ಹಳೆಯ ಫೋಟೋಗಳನ್ನು ನೋಡಿ. ಬಲಗೈ ತೋಳಿನ ಅಂಗಿಯನ್ನು ಮಣಿಕಟ್ಟಿನವರೆಗೆ ಇಳಿಬಿಟ್ಟು ಗುಂಡಿ ಹಾಕಿರುತ್ತಾರೆ. ಒಳಗಿನ ತೋಳು ಎಷ್ಟು ತೆಳ್ಳಗೆ ಅಂದರೆ ಅಂಗಿಯ ಬಟ್ಟೆ ಗಾಳಿಗೆ ಪಟಪಟ ಅನ್ನುವುದು ಫೋಟೋದಲ್ಲೇ ಗೊತ್ತಾಗುತ್ತದೆ. ಲೆಗ್ ಸ್ಪಿನ್ನರ್ ಅಂದರೆ ನಾಲ್ಕು ಹೆಜ್ಜೆ ನಡೆದು ಬಂದು ಚೆಂಡನ್ನು ಗಾಳಿಯಲ್ಲಿ ತೇಲಿಬಿಡುವವನು ಅಂತ ಪುಸ್ತಕ ಹೇಳುತ್ತದೆ. ಚಂದ್ರ ಓಡಿ ಬರುತ್ತಿದ್ದರು. ಮಧ್ಯಮ ವೇಗದ ಬೌಲರ್‌ಗಳ ಹತ್ತಿರ ಹತ್ತಿರ ವೇಗ. ತೋಳಿನಲ್ಲಿ ಬಲವಿಲ್ಲದ್ದರಿಂದ ಓಟ ಮತ್ತು ಭುಜ ಸೇರಿ ವೇಗ ಹುಟ್ಟಿಸುತ್ತಿದ್ದವು. ಹಗುರವಾದ ತೋಳು ಸರ್ರನೆ ಸುತ್ತಿ ಬರುತ್ತಿತ್ತು. ಬಳುಕುವ ಮಣಿಕಟ್ಟು ಕೊನೆಯ ಗಳಿಗೆಯಲ್ಲಿ ಚೆಂಡನ್ನು ತಿರುವಿ ಬಿಡುತ್ತಿತ್ತು. ಲೆಗ್ ಬ್ರೇಕ್ ಕಡಿಮೆ, ಗೂಗ್ಲಿ ಮತ್ತು ಟಾಪ್ ಸ್ಪಿನ್ ಹೆಚ್ಚು. ತಾಂಡೂರಿನ ಫರಸಿ ಹಾಸಿದ ಅಂಗಳದಲ್ಲಿ ರಬ್ಬರ್ ಚೆಂಡು ಆಡಿದವರಿಗೆ ಇದು ಗೊತ್ತಿರುವ ವಿಷಯ: ಚೆಂಡು ಕಲ್ಲಿಗೆ ತಾಗಿದ್ದೇ ತಡ, ಬರುವಾಗಿನ ವೇಗಕ್ಕಿಂತ ಜಾಸ್ತಿ ವೇಗದಲ್ಲಿ ಮೊಣಕಾಲಿಗೆ ನುಗ್ಗಿದಂತೆ ಅನಿಸುತ್ತದೆ. ಚಂದ್ರನ ಟಾಪ್ ಸ್ಪಿನ್ ಒಳ್ಳೆಯ ಹುಲ್ಲಿನ ಪಿಚ್ ಮೇಲೂ ಬ್ಯಾಟ್ಸ್‌ಮನ್ನನಿಗೆ ಹಾಗೇ ಅನಿಸುತ್ತಿತ್ತು.

1971ರ ಓವಲ್ ಟೆಸ್ಟ್ ಬಗ್ಗೆ ಹೇಳದೆ ಮುಂದೆ ಹೋಗಲು ನನ್ನಿಂದಾಗದು. ಮೂರು ವರ್ಷಕ್ಕೂ ಮೇಲೆ ಅವರು ಟೆಸ್ಟ್ ತಂಡದಿಂದ ಹೊರಗಿದ್ದರು. ಅದೇ ವರ್ಷದ ವೆಸ್ಟ್ ಇಂಡೀಸ್ ಪ್ರವಾಸಕ್ಕೂ ಕರೆದುಕೊಂಡು ಹೋಗಿರಲಿಲ್ಲ. ಇಂಗ್ಲೆಂಡಿಗೆ ಮಾತ್ರ ಕರೆದೊಯ್ದರು. ಸರಣಿಯ ಮೂರನೇ ಟೆಸ್ಟ್, ಮೊದಲ ಇನಿಂಗ್ಸ್‌ನಲ್ಲಿ ನಮಗೆ 71 ರನ್ ಹಿನ್ನಡೆ. ಆಗಸ್ಟ್ 23ರಂದು ಇಂಗ್ಲೆಂಡ್ ಎರಡನೇ ಸಲ ಬ್ಯಾಟ್ ಹಿಡಿಯಿತು. ಲಕ್‌ಹರ್ಸ್ಟ್ ನೇರ ಹೊಡೆದ ಚೆಂಡು ಚಂದ್ರನ ಕೈ ಸವರಿಕೊಂಡು ಹೋಗಿ ಆ ತುದಿಯ ವಿಕೆಟ್ಟಿಗೆ ಬಡಿಯಿತು. ಕ್ರೀಸ್ ಬಿಟ್ಟಿದ್ದ ಜೇಮ್ಸನ್ ರನೌಟ್. ನಂತರ ಜಾನ್ ಎಡ್ರಿಚ್ ಬಂದ. ಆಗ ದಿಲೀಪ್ ಸರ್ದೇಸಾಯಿ ಚಂದ್ರನಿಗೆ 'ಮಿಲ್ ರೀಫ್ ಹಾಕು' ಎಂದು ಕೂಗಿದರೆಂಬುದು ಆ ತಂಡದವರೇ ಹೇಳಿಕೊಂಡು ಬಂದ ಕಥೆ. ಮಿಲ್ ರೀಫ್ ಅಂದರೆ ಆ ವರ್ಷದ ಡರ್ಬಿ ಗೆದ್ದ ಕುದುರೆ. ತಂಡದವರಲ್ಲಿ ಚಂದ್ರನ ವೇಗದ ಚೆಂಡಿಗೆ ಅದೇ ಗುಟ್ಟಿನ ಹೆಸರು. ಎಡ್ರಿಚ್ ಬ್ಯಾಟ್ ಇಳಿಸುವುದರೊಳಗೆ ಬೌಲ್ಡ್. ಮುಂದಿನ ಚೆಂಡಿಗೆ ಫ್ಲೆಚರ್, ಶಾರ್ಟ್ ಲೆಗ್‌ನಲ್ಲಿ ಏಕನಾಥ ಸೋಲ್ಕರ್ ಕೈಗೆ ಕ್ಯಾಚ್. ಊಟದ ಹೊತ್ತಿಗೆ 24ಕ್ಕೆ ಮೂರು, ಕೊನೆಗೆ 101ಕ್ಕೆ ಎಲ್ಲರೂ ಔಟ್. ಚಂದ್ರನಿಗೆ 38 ರನ್‌ಗೆ 6 ವಿಕೆಟ್.

ಮರುದಿನ ಗಣೇಶ ಚೌತಿ. ಲಂಡನ್ನಿನ ಹತ್ತಿರದ ಮೃಗಾಲಯದಿಂದ ಬೆಲ್ಲಾ ಎಂಬ ಆನೆಯನ್ನು ಮೈದಾನಕ್ಕೆ ತಂದಿದ್ದರು! ನಮಗೆ ಬೇಕಿದ್ದದ್ದು 173. ನಮ್ಮ ವಿಶ್ವನಾಥ್ ತಾಳ್ಮೆಯಿಂದ 33 ಹೊಡೆದರು, ಕೊನೆಯ ಬೌಂಡರಿ ಬಾರಿಸಿದ್ದು ನಮ್ಮ ಪಕ್ಕದ ಹೈದರಾಬಾದಿನ ಸೈಯದ್ ಆಬಿದ್ ಅಲಿ. ನಾಲ್ಕು ವಿಕೆಟ್‌ಗಳ ಗೆಲುವು, ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊಟ್ಟಮೊದಲ ಟೆಸ್ಟ್ ಗೆಲುವು. ಇದೆಲ್ಲ ನಮ್ಮ ದೇಶದ ಮನೆಗಳಿಗೆ ಬಂದದ್ದು ರೇಡಿಯೋದಲ್ಲಿ. ವಿಕೆಟ್ ಬಿದ್ದದ್ದು ಕೇಳಿಸಿತು, ಚಂದ್ರನ ತೋಳು ಸುತ್ತಿದ ಪರಿ ಕಾಣಿಸಲಿಲ್ಲ. ಅವರ ಬೌಲಿಂಗಿನ ಚಲಿಸುವ ಚಿತ್ರಗಳು ಉಳಿದಿರುವುದು ತೀರ ಕಡಿಮೆ. ಇಂಥ ತೋಳು ಇನ್ನೊಂದು ಹುಟ್ಟುವುದಿಲ್ಲ, ಇದ್ದಾಗ ಸರಿಯಾಗಿ ಸೆರೆಹಿಡಿಯಲಿಲ್ಲವಲ್ಲ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

ಮುಂದಿನ ವರ್ಷ ಇಂಗ್ಲೆಂಡ್ ಇಲ್ಲಿಗೆ ಬಂದಾಗ ಒಂದೇ ಸರಣಿಯಲ್ಲಿ ಚಂದ್ರನಿಗೆ 35 ವಿಕೆಟ್. 1977ರ ಕೊನೆಗೆ ಮೆಲ್ಬರ್ನ್‌ನಲ್ಲಿ ಮೊದಲ ಇನಿಂಗ್ಸ್ 52ಕ್ಕೆ 6, ಎರಡನೆಯದೂ 52ಕ್ಕೆ 6. ಆಸ್ಟ್ರೇಲಿಯಾದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ಅದು. 58 ಟೆಸ್ಟ್‌ಗಳಲ್ಲಿ ಬ್ಯಾಟಿನಿಂದ ಗಳಿಸಿದ್ದು 167 ರನ್, ತೆಗೆದ ವಿಕೆಟ್‌ಗಳಿಗಿಂತ ಕಡಿಮೆ. ಆದರೂ ಗವಾಸ್ಕರ್‌ಗೆ ಸಿಕ್ಕಷ್ಟೇ ಚಪ್ಪಾಳೆ ಚಂದ್ರ ಬೌಲಿಂಗಿಗೆ ಓಡಿ ಬರುವಾಗ ಸಿಗುತ್ತಿತ್ತು.

ಹಾಗಾದರೆ ಗುಟ್ಟೇನು? ಬ್ಯಾಟ್ಸ್‌ಮನ್ ಚೆಂಡನ್ನು ಮಾತ್ರ ನೋಡುವುದಿಲ್ಲ. ಚೆಂಡು ಕೈ ಬಿಡುವ ಮೊದಲೇ ಭುಜ, ಮೊಣಕೈ, ಮಣಿಕಟ್ಟು ಓದಿ ಅರ್ಧ ತೀರ್ಮಾನಕ್ಕೆ ಬಂದಿರುತ್ತಾನೆ. ಸಾವಿರಾರು ಸಾಧಾರಣ ತೋಳುಗಳನ್ನು ನೋಡಿ ಕಲಿತ ಕಣ್ಣಿಗೆ ವಿಚಿತ್ರ ತೋಳು ಎದುರಾದರೆ ಆ ಓದು ಕೈಕೊಡುತ್ತದೆ. ಆದರೆ ಬರೀ ಎದುರಾಳಿಯ ಕಣ್ಣು ತಪ್ಪಿಸಿದ್ದರಿಂದಲೇ ಚಂದ್ರ ಗೆದ್ದರು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಎದುರಾಳಿಯೇ ಇಲ್ಲದ ಆಟದಲ್ಲೂ ಸೊಟ್ಟ ಶೈಲಿಯವರು ಗೆದ್ದಿದ್ದಾರೆ.

ಗಾಲ್ಫ್ ನೋಡಿ. ನಮ್ಮ ಕಡೆಯವರಿಗೆ ಅದು ದೂರದ ಆಟ, ಗೋಲ್ಕೊಂಡಾದ ನಯಾ ಕಿಲಾ ಕಡೆ ಹೋದವರು ಹುಲ್ಲಿನ ಮೈದಾನ ಕಂಡಿರಬಹುದು, ಅಷ್ಟೇ. ಅಲ್ಲಿ ಚೆಂಡು ನೆಲದ ಮೇಲೆ ಸುಮ್ಮನೆ ಕೂತಿರುತ್ತದೆ. ಯಾರನ್ನೂ ಮೋಸಗೊಳಿಸುವಂತಿಲ್ಲ. ಆದರೂ ಅಮೆರಿಕದ ಜಿಮ್ ಫ್ಯೂರಿಕ್ ಕೋಲನ್ನು ಆಕಾಶಕ್ಕೆ ನೆಟ್ಟಗೆ ಎತ್ತಿ, ಮೇಲೆ ಒಂದು ಸುತ್ತು ಸುತ್ತಿಸಿ, ಬೇರೆಯೇ ದಾರಿಯಲ್ಲಿ ಕೆಳಗಿಳಿಸುತ್ತಾನೆ. ಅವನಿಗೆ ಕಲಿಸಿದವನು ತಂದೆ ಒಬ್ಬನೇ. ಮಗನ ಸ್ವಿಂಗ್ ತಿದ್ದಲು ತಂದೆ ಹೋಗಲಿಲ್ಲ. ಆ ಫ್ಯೂರಿಕ್ 2003ರಲ್ಲಿ ಯುಎಸ್ ಓಪನ್ ಗೆದ್ದ, 2016ರಲ್ಲಿ ಒಂದು ಸುತ್ತನ್ನು 58 ಹೊಡೆತದಲ್ಲಿ ಮುಗಿಸಿದ. ಪಿಜಿಎ ಟೂರ್‌ನಲ್ಲಿ ಅದಕ್ಕಿಂತ ಕಡಿಮೆ ಹೊಡೆತದಲ್ಲಿ ಯಾರೂ ಮುಗಿಸಿಲ್ಲ.

ಕಾರಣ ಸರಳ. ಕೋಲಿನ ತಲೆ ಚೆಂಡಿಗೆ ತಾಗಿರುವುದು ಒಂದು ಸೆಕೆಂಡಿನ ಎರಡು ಸಾವಿರದ ಒಂದು ಪಾಲಿನಷ್ಟು ಹೊತ್ತು. ಆ ಕ್ಷಣದಲ್ಲಿ ಕೋಲಿನ ಮುಖ ಎತ್ತ ಇದೆ, ಯಾವ ದಿಕ್ಕಿಗೆ ಸಾಗುತ್ತಿದೆ, ಎಷ್ಟು ವೇಗ, ಮುಖದ ಯಾವ ಜಾಗಕ್ಕೆ ಚೆಂಡು ತಾಗಿತು, ಚೆಂಡಿನ ಹಣೆಬರಹ ಇಷ್ಟರಲ್ಲೇ ತೀರ್ಮಾನ. ಅದಕ್ಕೆ ಮೊದಲು ಕೋಲು ಎಲ್ಲೆಲ್ಲಿ ಸುತ್ತಾಡಿ ಬಂತು ಎಂಬುದು ಚೆಂಡಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಬೇಕಾದದ್ದು ಒಂದೇ, ಪ್ರತಿಸಲವೂ ಆ ಕ್ಷಣಕ್ಕೆ ಅದೇ ಜಾಗಕ್ಕೆ ಬಂದು ಸೇರುವುದು. ಚಂದ ಕಾಣುವ ಸ್ವಿಂಗ್ ಪ್ರತಿಸಲ ಬೇರೆ ಬೇರೆ ಜಾಗಕ್ಕೆ ಬಂದರೆ ಅದು ಕೆಟ್ಟ ಸ್ವಿಂಗ್.

ಲೀ ಟ್ರೆವಿನೊ ಇನ್ನೊಬ್ಬ. ಬಡವರ ಮನೆಯ ಹುಡುಗ, ಟೆಕ್ಸಾಸಿನಲ್ಲಿ ಕ್ಯಾಡಿಯಾಗಿ ಸಿರಿವಂತರ ಚೀಲ ಹೊತ್ತು ಆಟ ಕಲಿತವನು. ಗುರಿಯ ಎಡಕ್ಕೆ ಮೈ ತಿರುಗಿಸಿ ನಿಂತು, ಪ್ರತಿಯೊಂದು ಚೆಂಡನ್ನೂ ಬಲಕ್ಕೆ ಬಾಗಿಸಿ ಗುರಿಗೆ ತರುತ್ತಿದ್ದ. ಅದೇ 1971ರ ಬೇಸಿಗೆಯಲ್ಲಿ, ಓವಲ್ ಟೆಸ್ಟ್‌ಗೆ ಕೆಲವು ವಾರ ಮೊದಲು, ಅಮೆರಿಕ, ಕೆನಡಾ, ಬ್ರಿಟನ್ ಮೂರೂ ಓಪನ್‌ಗಳನ್ನು ಸಾಲಾಗಿ ಗೆದ್ದ. ಚೀಲ ಹೊತ್ತವರ ದಾರಿ ನಮ್ಮಲ್ಲೂ ಇದೆ. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. 1876ರಿಂದಲೂ ಗಾಲ್ಫ್ ಕ್ಲಬ್ ಇರುವ ಊರು ಬೆಂಗಳೂರು, ಅಲ್ಲಿ ಬೇರೆಯವರ ಚೀಲ ಹೊತ್ತ ಹೆಗಲಿಗೆ ಆ ಪ್ರಶಸ್ತಿ ಬಂತೆಂದರೆ ನನಗೆ ಎದೆ ತುಂಬುತ್ತದೆ.

ಚಂದ್ರನ ನಂತರದ ಕ್ರಿಕೆಟ್ ನಿಮಗೆಲ್ಲ ಗೊತ್ತಿರುವುದೇ. ಕುಂಬ್ಳೆ ಅವರ ಚೆಂಡು ತಿರುಗುವುದಿಲ್ಲ ಎಂದು ಜನ ಅಂದರು, ಅವರು 619 ವಿಕೆಟ್ ತೆಗೆದರು. ಹುಟ್ಟಿನಿಂದಲೇ ಮೊಣಕೈ ಪೂರ್ತಿ ನೆಟ್ಟಗಾಗದ ಮುರಳೀಧರನ್‌ರನ್ನು ನೋಬಾಲ್ ಎಂದು ಹೀಯಾಳಿಸಿದರು. ಪ್ರಯೋಗಾಲಯದಲ್ಲಿ ಅಳೆದು ನೋಡಿದಾಗ ಶುದ್ಧ ಎನಿಸಿಕೊಂಡವರ ಮೊಣಕೈಯೂ ಸ್ವಲ್ಪ ನೆಟ್ಟಗಾಗುತ್ತದೆಂದು ಗೊತ್ತಾಗಿ, ಎಲ್ಲರಿಗೂ 15 ಡಿಗ್ರಿ ಮಿತಿ ಬಂತು. 1864ರಲ್ಲಿ ಆದದ್ದೇ ಮತ್ತೆ ಆಯಿತು. ಬುಮ್ರಾ ಅಹಮದಾಬಾದಿನ ಮನೆಯೊಳಗೆ, ತಾಯಿಯ ಮಧ್ಯಾಹ್ನದ ನಿದ್ದೆ ಕೆಡದಂತೆ, ಸದ್ದಾಗದೆ ಗೋಡೆಯ ಬುಡದ ಪಟ್ಟಿಗೆ ತಾಗುವ ಹಾಗೆ ಚೆಂಡು ಹಾಕುತ್ತ ಯಾರ್ಕರ್ ಕಲಿತರು.

ಈಗ ನಮ್ಮ ಹುಡುಗರು. ಮೊಬೈಲಿನಲ್ಲಿ ನೋಡಿ ಬುಮ್ರಾನ ಹಾಗೆ ಕೈ ಚಾಚಿಕೊಂಡು ಓಡಿಬರುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಮಕ್ಕಳೇ, ಅದು ಅವರ ಮೊಣಕೈಗೆ, ಅವರ ಭುಜಕ್ಕೆ ಹುಟ್ಟಿದ ದಾರಿ. ನಿಮ್ಮ ಮೈಗೆ ಒಗ್ಗುವುದಿಲ್ಲ. ಅವರ ಬೆನ್ನಿಗೇ 2023ರಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಇನ್ನೊಂದು ಕಡೆ ಬೇಸಿಗೆ ಶಿಬಿರಗಳಲ್ಲಿ ಬೇರೆ ಥರ ತೋಳು ಸುತ್ತುವ ಹುಡುಗನನ್ನು ಮೊದಲ ದಿನವೇ ಹಿಡಿದು ಪುಸ್ತಕದ ಹಾಗೆ ನಿಲ್ಲಿಸುವುದನ್ನು ಕಂಡು ನನ್ನ ಹೊಟ್ಟೆ ಉರಿದಿದೆ. ಚಂದ್ರ ಎಂಬ ಹುಡುಗನನ್ನು ಬೆಂಗಳೂರಿನಲ್ಲಿ ಯಾರಾದರೂ ಹಾಗೆ ನಿಲ್ಲಿಸಿದ್ದರೆ?

ತಿದ್ದುವ ಮೊದಲು ಒಂದು ಪರೀಕ್ಷೆ ಮಾಡಿ. ಪಿಚ್ ಮೇಲೆ, ಬ್ಯಾಟ್ಸ್‌ಮನ್ನನಿಂದ ನಾಲ್ಕೈದು ಹೆಜ್ಜೆ ಮುಂದೆ, ಒಂದು ದಸ್ತಿ ಹಾಸಿ. ಹುಡುಗನಿಗೆ ಅವನದೇ ರೀತಿಯಲ್ಲಿ ಎರಡು ಓವರ್ ಹಾಕಲು ಹೇಳಿ. ನೀವು ಅವನ ತೋಳು ನೋಡಬೇಡಿ, ದಸ್ತಿಯ ಕಡೆ ನಿಂತು ಚೆಂಡು ಎಲ್ಲಿ ಬೀಳುತ್ತದೆ ಅದನ್ನಷ್ಟೇ ನೋಡಿ. ಕೆಂಪು ಮಣ್ಣಿನಲ್ಲಿ ಗುರುತು ಚೆನ್ನಾಗಿ ಮೂಡುತ್ತದೆ. ಗುರುತುಗಳು ಒಂದೇ ಕಡೆ ಗುಂಪಾಗಿದ್ದರೆ, ದಸ್ತಿಯ ಮೇಲಲ್ಲದಿದ್ದರೂ ಸರಿ, ಆ ಹುಡುಗನ ಹತ್ತಿರ ಒಂದು ಗಟ್ಟಿ ದಾರಿ ಇದೆ. ಟ್ರೆವಿನೊ ಮಾಡಿದ ಹಾಗೆ ಅವನು ನಿಲ್ಲುವ ಜಾಗ, ಗುರಿ ಸರಿಸಿದರೆ ಸಾಕು. ಗುರುತುಗಳು ಚೆಲ್ಲಾಪಿಲ್ಲಿಯಾಗಿದ್ದರೆ ಮೊದಲು ಓಟ ಕಡಿಮೆ ಮಾಡಿಸಿ, ಮತ್ತೆ ನೋಡಿ. ತೋಳಿಗೆ ಕೈ ಹಚ್ಚುವುದು ಎಲ್ಲಕ್ಕಿಂತ ಕೊನೆಗೆ.

ಆಟ ಮುಗಿದ ಮೇಲೆ ಮನೆಗೆ ಹೋಗುವಾಗ ಅವನನ್ನು ಎರಡು ಮಾತು ಕೇಳಿ: ಬೆನ್ನು ನೋಯುತ್ತದೆಯೇ, ಭುಜ ನೋಯುತ್ತದೆಯೇ? ಹೌದು ಎಂದರೆ ಮಾತ್ರ ಬದಲಾಯಿಸುವ ಮಾತು. ಇಲ್ಲ ಎಂದರೆ ನಾಳೆಯೂ ಹೀಗೇ ಹಾಕು ಎಂದು ಹೇಳಿ ಕಳಿಸಿ.