ಕಾನೂನು ಶಾಲೆಗೆ ಬರುವ ಅತಿಥಿ ವಿದ್ಯಾರ್ಥಿ

2024ರ ದಸರೆಯ ರಜೆಯಲ್ಲಿ ಬಳಗಾನೂರಿನ ನಮ್ಮ ಮನೆಗೆ ಒಬ್ಬ ಅತಿಥಿ ಬಂದಿದ್ದಳು. ಬೆಂಗಳೂರಿನ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ನನ್ನ ಅಣ್ಣನ ಮಗಳು ಓದುತ್ತಾಳೆ. ಆ ಶಾಲೆಗೆ ವಿನಿಮಯ ವಿದ್ಯಾರ್ಥಿನಿಯಾಗಿ ಜರ್ಮನಿಯಿಂದ ಬಂದಿದ್ದ ಗೆಳತಿಯನ್ನು ಅವಳು ಜೊತೆಗೆ ಕರೆತಂದಿದ್ದಳು. ರಾತ್ರಿಯ ಬಸ್ಸಿಳಿದು ಬಂದ ಹುಡುಗಿಗೆ ನಮ್ಮ ಅವ್ವ ಕಾಲಿಗೆ ನೀರು ಕೊಟ್ಟು, ರೊಟ್ಟಿ ಬಡಿದು ಬಡಿಸಿದಳು. ಆತಿಥ್ಯದಲ್ಲಿ ಲೋಪವೇನೂ ಆಗಲಿಲ್ಲ. ಲೋಪವಾದದ್ದು ಬೇರೊಂದು ಕಡೆ. ಅದೂ ವಕೀಲನಾದ ನನ್ನಿಂದಲೇ.

ಸಂಜೆ ಅಣ್ಣನ ಮಗಳು ಕೇಳಿದಳು: "ಕಾಕಾ, ಪೊಲೀಸರಿಗೆ ತಿಳಿಸೀರೇನು?" ನಾನು ಬೆಪ್ಪಾದೆ. ಪರದೇಶದವರನ್ನು ಮನೆಯಲ್ಲಿ ಇಳಿಸಿಕೊಂಡವರು ಆ ಸಂಗತಿಯನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಸರಕಾರಕ್ಕೆ ತಿಳಿಸಬೇಕೆಂಬ ನಿಯಮವಿದೆ. ಅದು ಹೋಟೆಲಿನವರಿಗೆ ಮಾತ್ರವಲ್ಲ, ಮನೆಯವರಿಗೂ ಅನ್ವಯಿಸುತ್ತದೆ. ಇಪ್ಪತ್ತು ವರ್ಷ ಕೋರ್ಟಿನಲ್ಲಿ ವಾದ ಮಾಡಿದ ನನಗೆ ಅದು ನೆನಪಾಗಲೇ ಇಲ್ಲ. ಆ ರಾತ್ರಿಯೇ ಕುಳಿತು ವಿವರ ತುಂಬಿ ಕಳಿಸಿದೆವು. ಇಂದಿನ ಮಾತಿಗೆ ಆ ಮರೆವೇ ಕಾರಣ.

ನಮ್ಮ ಪಟ್ಟಣಗಳ ಮಕ್ಕಳು ಈಗ ಇಂಥ ಶಾಲೆಗಳಿಗೆ ಹೋಗುತ್ತಿದ್ದಾರೆ. ಅವರ ಗೆಳೆಯರಾಗಿ ಪರದೇಶದವರು ನಮ್ಮ ಮನೆಗಳಿಗೆ ಬರುತ್ತಾರೆ. ನಾಳೆ ನಮ್ಮವರೂ ಇದೇ ರೀತಿ ಹೊರಗೆ ಹೋಗುತ್ತಾರೆ. ಆದುದರಿಂದ ಇಬ್ಬರಿಗೂ ಉಪಯೋಗವಾಗುವ ನಾಲ್ಕು ಮಾತನ್ನು ಹೇಳುತ್ತೇನೆ.

ಮೊದಲನೆಯದು ಕಾಗದಪತ್ರದ ಮಾತು. ವಿನಿಮಯ ವಿದ್ಯಾರ್ಥಿಯು ಊರು ಬಿಡುವ ಮೊದಲೇ, ಅಲ್ಲಿ ಓದುವ ಯಾವ ಯಾವ ವಿಷಯಗಳನ್ನು ತನ್ನ ಶಾಲೆ ಲೆಕ್ಕಕ್ಕೆ ಹಿಡಿಯುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಬಾಯಿಮಾತನ್ನು ನಂಬಿ ಹೋದವರು ತಿರುಗಿ ಬಂದು ಒಂದು ಅವಧಿಯನ್ನೇ ಮತ್ತೊಮ್ಮೆ ಓದಬೇಕಾದೀತು. ವಿದ್ಯಾರ್ಥಿಯ ವೀಸಾ, ಆರೋಗ್ಯ ವಿಮೆ, ಇಳಿದುಕೊಳ್ಳುವ ವಿಳಾಸ, ಇವನ್ನೂ ಮೊದಲೇ ಸಿದ್ಧಮಾಡಿಕೊಳ್ಳಬೇಕು. ನಮ್ಮ ದೇಶಕ್ಕೆ ನೂರೆಂಬತ್ತು ದಿನಗಳಿಗಿಂತ ಹೆಚ್ಚಿನ ವಿದ್ಯಾರ್ಥಿ ವೀಸಾದ ಮೇಲೆ ಬಂದವರು ಬಂದ ಹದಿನಾಲ್ಕು ದಿನದೊಳಗೆ ವಿದೇಶೀಯರ ನೋಂದಣಿ ಕಚೇರಿಯಲ್ಲಿ ಹೆಸರು ದಾಖಲಿಸಬೇಕೆಂಬುದು ರೂಢಿಯಲ್ಲಿರುವ ನಿಯಮ. ಬರುವ ಮುನ್ನ ಅಂದಿನ ನಿಯಮವನ್ನು ಮತ್ತೊಮ್ಮೆ ನೋಡಿಕೊಳ್ಳುವುದು ಲೇಸು.

ಎರಡನೆಯದು ಓದಿನ ಮಾತು. ರಾಷ್ಟ್ರೀಯ ಕಾನೂನು ಶಾಲೆಯು ಕರ್ನಾಟಕದ 1986ರ ಶಾಸನದಿಂದ ಹುಟ್ಟಿದ್ದು. ಎನ್. ಆರ್. ಮಾಧವ ಮೆನನ್ ಅವರು ಅದರ ಮೊದಲ ನಿರ್ದೇಶಕರು. ಪಿಯುಸಿ ಮುಗಿದೊಡನೆ ಐದು ವರ್ಷ ಕಾನೂನು ಓದುವ ಪದ್ಧತಿಯನ್ನು ನಾಡಿನಲ್ಲಿ ಬೇರೂರಿಸಿದ ಕೀರ್ತಿ ಅದರದು. ಅಲ್ಲಿ ವರ್ಷಕ್ಕೆ ಮೂರು ಅವಧಿ. ಒಂದೊಂದು ಅವಧಿಯೂ ಚಿಕ್ಕದು. ಊರು ನೋಡುತ್ತ ಮೊದಲ ಎರಡು ವಾರ ಕಳೆದವನು ಕೊನೆಯವರೆಗೂ ಓಡುತ್ತಲೇ ಇರಬೇಕಾಗುತ್ತದೆ.

ಜರ್ಮನಿ, ಫ್ರಾನ್ಸ್ ಮೊದಲಾದ ದೇಶಗಳಲ್ಲಿ ಕಾನೂನಿಗೆ ಸಂಹಿತೆಯೇ ತಳಹದಿ. ನಮ್ಮಲ್ಲಿ ಸಂಹಿತೆಯೂ ಉಂಟು, ನ್ಯಾಯಾಧೀಶರ ತೀರ್ಪೂ ಉಂಟು. ಸುಪ್ರೀಂ ಕೋರ್ಟು ಸಾರಿದ ಕಾನೂನು ಉಳಿದೆಲ್ಲ ನ್ಯಾಯಾಲಯಗಳಿಗೂ ಬದ್ಧವೆಂದು ಸಂವಿಧಾನದ 141ನೆಯ ಅನುಚ್ಛೇದ ಹೇಳುತ್ತದೆ. ಹೀಗಾಗಿ ಅಲ್ಲಿಂದ ಬಂದವರು ತೀರ್ಪು ಓದುವುದನ್ನು ಹೊಸದಾಗಿ ಕಲಿಯಬೇಕು. ಇನ್ನೊಂದು ತೊಡಕಿದೆ. 1860ರ ಭಾರತ ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ ತೀರ್ಪುಗಳಲ್ಲಿ ಹಳೆಯ ಕಲಮುಗಳೇ ಇವೆ. ಎರಡರ ಸಂಖ್ಯೆಗಳನ್ನೂ ಪಕ್ಕಪಕ್ಕದಲ್ಲಿ ಬರೆದಿಟ್ಟುಕೊಂಡರೆ ದಾರಿ ತಪ್ಪುವುದಿಲ್ಲ.

ಮೂರನೆಯದು ನ್ಯಾಯಾಲಯದ ಮಾತು. ನಮ್ಮ ಕೋರ್ಟುಗಳ ಬಾಗಿಲು ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತದೆ. ಹಿಂದೆ ಕುಳಿತು ಕೇಳಬಹುದು. ನ್ಯಾಯಾಧೀಶರು ಬಂದಾಗ ಎದ್ದು ನಿಲ್ಲಬೇಕು, ಮೊಬೈಲನ್ನು ಆರಿಸಬೇಕು, ಫೋಟೋ ತೆಗೆಯಬಾರದು. ಹೈಕೋರ್ಟಿನಲ್ಲಿ ಇಂಗ್ಲಿಷು ನಡೆಯುತ್ತದೆ. ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿಯ ಮಾತು ಕನ್ನಡದ್ದು. ಆದುದರಿಂದ ಕನ್ನಡ ಬಲ್ಲ ಗೆಳೆಯನನ್ನು ಕರೆದೊಯ್ಯಬೇಕು. ಹೊರಗೆ ಜಗಲಿಯ ಮೇಲೆ ಕುಳಿತ ಕಕ್ಷಿಗಾರನನ್ನು ಬರಿಯ ಕುತೂಹಲಕ್ಕೆ "ನಿನ್ನ ವ್ಯಾಜ್ಯವೇನು?" ಎಂದು ಕೇಳಬಾರದು. ಅವನಿಗೆ ಅದು ಪಾಠವಲ್ಲ, ಬದುಕು. ಅವನೇ ಕೇಳಿದರೂ ಸಲಹೆ ಕೊಡಬಾರದು. ವಕೀಲಿ ವೃತ್ತಿ ಸನ್ನದು ಪಡೆದವರದು.

ನಮ್ಮ ಅತಿಥಿ ಈ ಶಿಸ್ತನ್ನೆಲ್ಲ ಚೆನ್ನಾಗಿ ಪಾಲಿಸಿದಳು. ಆದರೆ ಅವಳಿಗೆ ಹೆಚ್ಚು ಕಲಿಸಿದ್ದು ಕೋರ್ಟಲ್ಲ, ಕಾಲುವೆ.

ಆ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋಗಿತ್ತು. ನದಿಗೆ ಹರಿದುಹೋದ ನೀರನ್ನು ನೆನೆದು ಎಡದಂಡೆಯ ರೈತರು ನಿದ್ದೆಗೆಟ್ಟಿದ್ದರು. ಮತ್ತೆ ಮಳೆ ಬಂದು ಜಲಾಶಯ ತುಂಬಿದ್ದರಿಂದ ಭತ್ತ ಉಳಿಯಿತು. ಕಾಲುವೆಯ ಏರಿಯ ಮೇಲೆ ನಡೆಯುತ್ತ ಅವಳು ಕೇಳಿದಳು: "ಇಲ್ಲಿ ಕಾನೂನು ಎಲ್ಲಿದೆ?" ನಾನು ಎಣಿಸುತ್ತ ಹೋದೆ. ಈ ನೀರಿನಲ್ಲಿ ಮೂರು ರಾಜ್ಯಗಳ ಪಾಲಿದೆ; ರಾಜ್ಯಗಳ ನಡುವಿನ ಜಲವಿವಾದಕ್ಕೆ 1956ರ ಶಾಸನವಿದೆ. ಕಾಲುವೆಯ ಆಡಳಿತಕ್ಕೆ 1965ರ ಕರ್ನಾಟಕ ನೀರಾವರಿ ಶಾಸನವಿದೆ. ಮೇಲ್ಭಾಗದವರು ಪಂಪು ಹಚ್ಚಿ ನೀರೆತ್ತಿದರೆ ಕೆಳಭಾಗದವರ ಗದ್ದೆ ಒಣಗುತ್ತದೆ. ಅದನ್ನು ತಡೆಯಲು ಜಿಲ್ಲಾಡಳಿತ ಕೆಲವು ಸಲ ಕಾಲುವೆಯುದ್ದಕ್ಕೂ ನಿಷೇಧಾಜ್ಞೆ ಹೊರಡಿಸುತ್ತದೆ. ಇಷ್ಟೆಲ್ಲ ಕಾನೂನಿದ್ದೂ ಕೊನೆಯ ಹೊಲಕ್ಕೆ ನೀರು ಬಂತೇ ಇಲ್ಲವೇ ಎಂಬುದೇ ರೈತನ ಪ್ರಶ್ನೆ. ಅವ್ವ ಅವಳನ್ನು ಕೇಳಿದಳು: "ನಿಮ್ಮ ಕಡೀನೂ ನೀರಿಗೆ ಜಗಳ ಆಡ್ತಾರೇನವ್ವಾ?" ಹುಡುಗಿ ಬಹಳ ಹೊತ್ತು ಯೋಚಿಸಿ, ಜಗಳವಿದೆ, ಆದರೆ ನನಗೆ ಅದು ಪುಸ್ತಕದಿಂದ ಗೊತ್ತು ಎಂದಳು. ಅವಳ ಆ ಪ್ರಾಮಾಣಿಕತೆ ನನಗೆ ಹಿಡಿಸಿತು.

ಇದೇ ನನ್ನ ನಾಲ್ಕನೆಯ ಮಾತು. ತಿಳಿಯದ್ದನ್ನು ತಿಳಿಯದೆಂದು ಹೇಳಿ ಕೇಳುವುದಕ್ಕೆ ನಾಚಬಾರದು. ಇದನ್ನು ನಾನು ಕಲಿತದ್ದು ಮನೆಯ ಒಂದು ಹಳೆಯ ಕಾಗದದಿಂದ. 1948ರವರೆಗೆ ರಾಯಚೂರು ಸೀಮೆ ನಿಜಾಮರ ಆಡಳಿತದಲ್ಲಿತ್ತು. ಕಚೇರಿಯ ಭಾಷೆ ಉರ್ದು. ನಮ್ಮ ಅಜ್ಜನಿಗೆ ಉರ್ದು ಬಾರದು. ಕೇಳಿದರೆ ಹಗುರಾದೇನೆಂದು, ಹೊಲದ ಪತ್ರವೊಂದನ್ನು ಯಾರಿಂದಲೂ ಓದಿಸದೆ ಹೆಬ್ಬೆಟ್ಟು ಒತ್ತಿದ. ಬಳಿಕ ನೋಡಿದರೆ ಪೂರ್ವದ ಚೆಕ್ಕುಬಂದಿ ಅವನು ತಿಳಿದಂತೆ ಇರಲಿಲ್ಲ. ಎರಡು ಎಕರೆಯ ಸಲುವಾಗಿ ಅಣ್ಣತಮ್ಮಂದಿರ ಮಾತು ನಿಂತುಹೋಯಿತು. ಹೊಲ ಹೋದುದಕ್ಕಿಂತ ಆ ಮಾತು ನಿಂತದ್ದೇ ಅಜ್ಜನನ್ನು ಕೊನೆಯವರೆಗೆ ಕೊರೆಯಿತು. ತನ್ನ ಊರಿನಲ್ಲಿಯೇ ಅವನು ಕಾನೂನಿಗೆ ಪರದೇಶಿಯಾಗಿದ್ದ.

ಪರಭಾಷೆಯ ತರಗತಿಯಲ್ಲಿ ಕುಳಿತ ಅತಿಥಿ ವಿದ್ಯಾರ್ಥಿಗೆ ಆ ಅವಸ್ಥೆ ಕೆಲವು ತಿಂಗಳ ಮಟ್ಟಿಗೆ ಅನುಭವಕ್ಕೆ ಬರುತ್ತದೆ. ಅದನ್ನು ಅವಮಾನವೆಂದು ಬಗೆಯದೆ ಪಾಠವೆಂದು ಬಗೆದರೆ, ಮುಂದೆ ತನ್ನ ಮುಂದೆ ಬಂದು ನಿಲ್ಲುವ ಅರಿಯದ ಕಕ್ಷಿಗಾರನಿಗೆ ಆತ ಪತ್ರವನ್ನು ಎರಡು ಸಲ ಓದಿ ಹೇಳುವ ವಕೀಲನಾಗುತ್ತಾನೆ. ವಿನಿಮಯದಿಂದ ಬರುವ ನಿಜವಾದ ಲಾಭ ಇದೇ.

ಹೊರಡುವ ಮುನ್ನ ಅವಳಿಗೆ ಮಸ್ಕಿಯ ಅಶೋಕನ ಶಾಸನ ತೋರಿಸಿದೆವು. 1915ರಲ್ಲಿ ಬೆಳಕಿಗೆ ಬಂದ ಆ ಬಂಡೆಯ ಮೇಲೆ ದೊರೆಯ ಹೆಸರೇ ಕೊರೆದಿದೆ. ದೊಡ್ಡವರಿಗೆ ಮಾತ್ರವಲ್ಲ, ಸಾಮಾನ್ಯನಿಗೂ ಶ್ರಮದಿಂದ ಉನ್ನತಿ ದೊರೆಯುತ್ತದೆ ಎಂಬುದು ಅದರ ಆಶಯ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. "ಆಗ ಈ ಊರಿನವರಿಗೆ ಇದನ್ನು ಯಾರು ಓದಿ ಹೇಳುತ್ತಿದ್ದರು?" ಎಂದು ಅವಳು ಕೇಳಿದಳು. ಕಾನೂನು ಕಲಿಯುವವರು ಕೇಳಬೇಕಾದ ಪ್ರಶ್ನೆ ಅದು. ನಮ್ಮ ಮನೆಗಳಿಂದ ಹೊರಡುವ ಮಕ್ಕಳ ಬಾಯಲ್ಲಿಯೂ ಆ ಪ್ರಶ್ನೆ ಇರಲಿ.