ಒಂದು ಹೆಸರು, ಮೂರು ಲಿಪಿ
(ವಾರ್ಷಿಕ ಸ್ನೇಹಸಮ್ಮೇಲನದ ಪ್ರಸಂಗದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಇಂತಹ ಸಮಾರಂಭಗಳಲ್ಲಿ ಉನ್ನತವಾದ ಆದರ್ಶಗಳನ್ನು ಕುರಿತು ಮಾತನಾಡುವುದು ವಾಡಿಕೆ. ಆದರೆ ನಾವು ಇಂದು ಬಲು ಚಿಕ್ಕದಾಗಿ ಕಾಣುವ ವಿಷಯವೊಂದನ್ನು ಆರಿಸಿಕೊಂಡಿದ್ದೇವೆ. ಅದು ನಿಮ್ಮ ಮಗುವಿನ ಹೆಸರು.

ಕರಜಗಿಯ ನಮ್ಮ ಮಗು ಮನೆಯಲ್ಲಿ ಕನ್ನಡ ನುಡಿಯುತ್ತದೆ. ಅಕ್ಕಲಕೋಟೆಯ ತಹಶೀಲ ಕಚೇರಿಯಲ್ಲಿ ಅದರ ಕಾಗದಪತ್ರಗಳು ಮರಾಠಿಯಲ್ಲಿರುತ್ತವೆ. ಬ್ಯಾಂಕಿನ ಪುಸ್ತಕದಲ್ಲಿ ಅದೇ ಮಗು ಇಂಗ್ಲಿಷ್ ಅಕ್ಷರಗಳಲ್ಲಿ ಕುಳಿತಿರುತ್ತದೆ. ಅಕ್ಕಲಕೋಟೆಯು 1948ರವರೆಗೆ ಸಂಸ್ಥಾನವಾಗಿತ್ತು. ಬಳಿಕ ಮುಂಬಯಿ ಪ್ರಾಂತದಲ್ಲಿ ಸೇರಿತು. 1960ರ ಮೇ 1ರಿಂದ ಮಹಾರಾಷ್ಟ್ರ ರಾಜ್ಯದಲ್ಲಿದೆ. ಆಳುವವರು ಬದಲಾದರು, ಒಲೆಯ ಮುಂದಿನ ಮಾತು ಬದಲಾಗಲಿಲ್ಲ. ಇದು ನಮ್ಮ ಭಾಗ್ಯ. ಆದರೆ ಈ ಭಾಗ್ಯಕ್ಕೆ ತಕ್ಕ ಎಚ್ಚರವೂ ನಮ್ಮಲ್ಲಿರಬೇಕು.

ನಮ್ಮದೇ ತಪ್ಪನ್ನು ಮೊದಲು ಒಪ್ಪಿಕೊಳ್ಳುತ್ತೇವೆ. ಬಹಳ ವರ್ಷಗಳ ಹಿಂದೆ ನಾವು ಬೇರೊಂದು ಊರಿನಲ್ಲಿ ಶಿಕ್ಷಕರಾಗಿದ್ದೆವು. ಅಜ್ಜನೊಬ್ಬನು ಮೊಮ್ಮಗನನ್ನು ಶಾಲೆಗೆ ಸೇರಿಸಲು ಬಂದು, ಹೆಸರನ್ನು 'ಸಿದ್ರಾಮಪ್ಪ' ಎಂದು ಬರೆಯಿಸಿದನು. ಹನ್ನೆರಡನೆಯ ಶತಮಾನದಲ್ಲಿ ಸೊಲ್ಲಾಪುರದಲ್ಲಿ ಕೆರೆ ಕಟ್ಟಿಸಿದ ಶರಣನ ಹೆಸರಲ್ಲವೇ, ಶುದ್ಧವಾಗಿರಲೆಂದು ನಾವು 'ಸಿದ್ಧರಾಮ' ಎಂದು ಬರೆದೆವು. ರೇಶನ್ ಕಾರ್ಡಿನಲ್ಲಿ ಅವನು ಮರಾಠಿಯ 'ಸಿದ್ರಾಮ'ನಾದನು. ಬ್ಯಾಂಕಿನಲ್ಲಿ ಇನ್ನೊಂದು ಬಗೆಯಾದನು. ಹತ್ತನೆಯ ಇಯತ್ತೆ ಪಾಸಾಗಿ ಮುಂದಿನ ತಾಂತ್ರಿಕ ಶಿಕ್ಷಣಕ್ಕೆ ಅರ್ಜಿ ಹಾಕಿದಾಗ, ಇವರು ಮೂವರು ಹುಡುಗರೆಂದು ಕಾಗದಗಳು ಸಾರಿದವು. ತಿದ್ದುಪಡಿಗೆ ಓಡಾಡುವಷ್ಟರಲ್ಲಿ ಪ್ರವೇಶದ ದಿನಾಂಕ ಮುಗಿಯಿತು. ಆ ವರುಷವನ್ನು ಅವನು ಸೊಲ್ಲಾಪುರದ ಮಗ್ಗದ ಕೆಲಸದಲ್ಲಿ ಕಳೆದನು. ನಾವು ಮೋರೆ ತಗ್ಗಿಸಿ ನಿಂತಾಗ, "ಇರಲಿ ಬಿಡ್ರಿ ಸರ್, ನೀವು ನನ್ನ ಹೆಸರು ಚಂದ ಮಾಡಿ ಬರೆದಿದ್ರಿ" ಎಂದಷ್ಟೇ ಅವನು ಹೇಳಿದನು. ಆ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ.

ಆದುದರಿಂದ ಪಾಲಕರಲ್ಲಿ ನಮ್ಮ ಬಿನ್ನಹಗಳಿವು.

ಮೊದಲನೆಯದಾಗಿ, ಮಗು ಹುಟ್ಟಿದ 21 ದಿನಗಳೊಳಗೆ ಜನನ ನೋಂದಣಿ ಮಾಡಿಸಿರಿ, ಅದಕ್ಕೆ ಶುಲ್ಕವಿಲ್ಲ. ಹೆಸರು ಇನ್ನೂ ನಿಶ್ಚಯವಾಗದಿದ್ದರೆ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ ಮೊದಲಾದ ಕೆಲಸಗಳಲ್ಲಿ ಜನ್ಮದಿನಾಂಕಕ್ಕೆ ಈ ಪತ್ರವೇ ಆಧಾರ. 2024ರ ಮೇ 1 ಮತ್ತು ಆ ತರುವಾಯ ಹುಟ್ಟಿದವರಿಗೆ ನಮ್ಮ ರಾಜ್ಯದಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮವಿದೆ. ಹೆತ್ತವಳ ಹೆಸರು ಕಾಗದದ ಮೇಲೆ ಬಂದುದು ಸಂತೋಷದ ಸಂಗತಿ. ಅವಳ ಹೆಸರನ್ನೂ ಸರಿಯಾಗಿ ಬರೆಯಿಸಿರಿ.

ಎರಡನೆಯದಾಗಿ, ಮೂರು ಲಿಪಿಗಳಲ್ಲಿಯೂ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿರಿ. ಮರಾಠಿಯ ರೂಢಿಯ ಬರವಣಿಗೆಯಲ್ಲಿ ನಮ್ಮ ಎ, ಏ ಮತ್ತು ಒ, ಓ ಇವುಗಳಿಗೆ ಬೇರೆ ಬೇರೆ ಗುರುತುಗಳಿಲ್ಲ. ಇಂಗ್ಲಿಷಿನಲ್ಲಿ ಲಕಾರ ಳಕಾರಗಳೆರಡೂ ಒಂದೇ ಆಗುತ್ತವೆ. ಯಲ್ಲಪ್ಪನೂ ಎಲ್ಲಪ್ಪನೂ, ಈರಣ್ಣನೂ ವೀರಣ್ಣನೂ ನಮಗೆ ಒಬ್ಬರೇ ಆಗಿರಬಹುದು, ಗಣಕಯಂತ್ರಕ್ಕೆ ಅಲ್ಲ. ಅಜ್ಜನು ಹೋಗಲಿ, ಮಾವನು ಹೋಗಲಿ, ಕಚೇರಿಗೆ ಹೋಗುವವರ ಕೈಯಲ್ಲಿ ಆ ಚೀಟಿಯೇ ಇರಲಿ.

ಮೂರನೆಯದಾಗಿ, ಹತ್ತನೆಯ ಇಯತ್ತೆಯ ಪರೀಕ್ಷಾ ಅರ್ಜಿ ತುಂಬುವ ಮೊದಲೇ ಶಾಲೆಗೆ ಬಂದು ರಿಜಿಸ್ಟರಿನಲ್ಲಿ ಹೆಸರು, ಜನ್ಮದಿನಾಂಕಗಳನ್ನು ಕಣ್ಣಾರೆ ನೋಡಿರಿ. ಶಾಲೆಯಲ್ಲಿರುವಾಗ ತಿದ್ದುವುದು ಸುಲಭ. ದಾಖಲೆ ಪಡೆದು ಹೋದ ಮೇಲೆ ಬಲು ಕಷ್ಟ. ಓದು ಬಾರದೆಂದು ಸಂಕೋಚಪಡಬೇಡಿರಿ. ನಾವು ಓದಿ ಹೇಳುತ್ತೇವೆ.

ಇಷ್ಟು ತೊಂದರೆಗೆ ಕನ್ನಡ ಶಾಲೆಯೇ ಕಾರಣವೆಂದು ಕೆಲವರು ಹೇಳುವುದುಂಟು. ಇದು ಸರಿಯಲ್ಲ. ತಪ್ಪು ಲಿಪಿಯದಲ್ಲ, ನಮ್ಮ ಅಜಾಗರೂಕತೆಯದು. ತಾಯಿನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯವಿರಬೇಕೆಂದು ಸಂವಿಧಾನದ 350ಎ ಅನುಚ್ಛೇದವೇ ಹೇಳುತ್ತದೆ. 1956ರಲ್ಲಿ ಅದು ಸೇರಿತು. ಬಾಲಭಾರತಿಯು ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಮುದ್ರಿಸುತ್ತದೆ. ರಾಜ್ಯದ ಮಂಡಳವು ಕನ್ನಡ ಮಾಧ್ಯಮದಲ್ಲಿ ಹತ್ತನೆಯ ಪರೀಕ್ಷೆ ನಡೆಸುತ್ತದೆ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಮರಾಠಿಯ ನೆರೆಯಲ್ಲಿಯೇ ಬೆಳೆದು, 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದ ಮೊದಲ ಮಹಿಳೆಯಾದರು.

ವಿದ್ಯಾರ್ಥಿಗಳೇ, ಮರಾಠಿಯನ್ನು ಮನಸ್ಸಿಟ್ಟು ಕಲಿಯಿರಿ. ಅದು ನೆರೆಮನೆಯ ಭಾಷೆ. ಹೊಲದ ಉತಾರ ಬಂದಾಗ, ಬ್ಯಾಂಕಿನ ಚೀಟಿ ಬಂದಾಗ, ಅಪ್ಪ ಅವ್ವಂದಿರಿಗೆ ಓದಿ ಕನ್ನಡದಲ್ಲಿ ತಿಳಿಯಹೇಳಿರಿ. ಹಾಗೆ ಹೇಳುವಾಗ ಅವರ ಅಜ್ಞಾನವನ್ನು ಕಂಡು ನಗಬೇಡಿರಿ. ನಿಮಗೆ ಹೆಸರನ್ನು ಕೊಟ್ಟವರು ಅವರೇ. ಅದನ್ನು ಮೂರು ಲಿಪಿಗಳಲ್ಲಿಯೂ ಕೆಡದಂತೆ ಕಾಯುವ ಕೆಲಸ ಮಾತ್ರ ನಿಮ್ಮದೂ ನಮ್ಮದೂ ಆಗಿದೆ.

ನಾಳೆ ಬೆಳಿಗ್ಗೆ ಶಾಲೆಯ ರಿಜಿಸ್ಟರು ನಮ್ಮ ಮೇಜಿನ ಮೇಲೆ ತೆರೆದಿರುತ್ತದೆ. ಎಲ್ಲ ಪಾಲಕರೂ ದಯಮಾಡಿ ಬನ್ನಿರಿ.