ಸ್ವವಿವರದಲ್ಲಿ ಬಿಟ್ಟುಹೋದ ಸಾಲು



ಪದವಿ ಮುಗಿಸಿದ ನಮ್ಮ ಮಕ್ಕಳು ಉದ್ಯೋಗಕ್ಕಾಗಿ ಸಿದ್ಧಪಡಿಸಿದ ಸ್ವವಿವರ ಪತ್ರವನ್ನು ತಿದ್ದಿಸಿಕೊಳ್ಳಲು ಈಗಲೂ ಶಾಲೆಗೆ ಬರುತ್ತಾರೆ. ಹೆಚ್ಚಿನವುಗಳಲ್ಲಿ ‘ಕನ್ನಡ ಮಾಧ್ಯಮ’ ಎಂಬ ಸಾಲೇ ಇರುವುದಿಲ್ಲ. ಕೇಳಿದರೆ, “ಟೀಚರ್, ಅದನ್ನು ಕಂಡರೆ ಇಂಗ್ಲಿಷ್ ಬಾರದೆಂದು ತಿಳಿಯುತ್ತಾರೆ” ಎನ್ನುತ್ತಾರೆ. ಈ ಅಂಜಿಕೆ ತಾನಾಗಿ ಹುಟ್ಟಿದ್ದಲ್ಲ. ಹಿರಿಯರಾದ ನಾವು ಆಡಿದ ಮಾತುಗಳಿಂದ ಬಂದದ್ದು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಇಲ್ಲಿನ ಕಚೇರಿಗಳಿಗೆ ಎರಡೂ ಭಾಷೆ ಬಲ್ಲವರು ಬೇಕಾದರು. ಕನ್ನಡ, ಮಲಯಾಳಂ ಬಲ್ಲ ಗುಮಾಸ್ತರಿಗಾಗಿ ಕೇರಳ ಲೋಕಸೇವಾ ಆಯೋಗವು ಪ್ರತ್ಯೇಕವಾಗಿಯೇ ಅರ್ಜಿ ಕರೆಯುವುದುಂಟು. ಅಲ್ಲಿ ಪರೀಕ್ಷೆಯೇ ಮುಖ್ಯ, ನಿಜ. ಆದರೆ ನಮ್ಮವರು ಚಿಕಿತ್ಸೆಗೆ ಹೋಗುವ ಮಂಗಳೂರಿನ ಆಸ್ಪತ್ರೆಗಳಲ್ಲಿಯೂ ಹಲವು ಭಾಷೆ ಬಲ್ಲವರಿಗೆ ಬೆಲೆಯಿದೆ.

‘ಐದು ಭಾಷೆ ಬಲ್ಲೆ’ ಎಂದರೆ ಸಾಲದು. ಕನ್ನಡ, ಇಂಗ್ಲಿಷ್ ಓದಿ ಬರೆಯಬಲ್ಲೆ. ಮಲಯಾಳಂ ಮಾತನಾಡಬಲ್ಲೆ, ನಿಧಾನವಾಗಿ ಓದಬಲ್ಲೆ. ತುಳು ಮನೆಮಾತು ಎಂದು ಬಿಡಿಸಿ ಬರೆಯಬೇಕು. ಬಾರದ್ದನ್ನು ಬರುತ್ತದೆ ಎನ್ನಬಾರದು. ಸಂದರ್ಶನದ ಮೊದಲ ಪ್ರಶ್ನೆಗೇ ಬಯಲಾಗುತ್ತದೆ.

ಮನೆಯ ಅಡಿಕೆ ಮಾರಾಟದ ಲೆಕ್ಕವನ್ನು ಎರಡು ವರ್ಷ ಬರೆದಿದ್ದ ಹುಡುಗಿಯೊಬ್ಬಳು ಅದನ್ನು ಬಿಟ್ಟು, ‘ಹವ್ಯಾಸ: ಹಾಡು ಕೇಳುವುದು’ ಎಂದು ಬರೆದಿದ್ದಳು. ಹವ್ಯಾಸವನ್ನು ಹೊಡೆದುಹಾಕಿ ಲೆಕ್ಕದ ವಿಷಯವನ್ನು ನಾವು ಬರೆಸಿದೆವು. ಮಾಧ್ಯಮದ ಸಾಲನ್ನು ಶಾಲೆಯ ಹೆಸರಿನ ಪಕ್ಕದಲ್ಲಿ ಆಕೆಯೇ ಸೇರಿಸಿದಳು.